ಖಾಯಂ ವಿಳಾಸ

ಯಾವ ಊರಿನದೇ ಆಗಲಿ, ಮಕ್ಕಳ ಆಶ್ರಮದ ಕಚೇರಿಯಲ್ಲಿ ತೂಗುವ ಕ್ಯಾಲೆಂಡರ್ ನೋಡಿ. ಭಾನುವಾರಗಳೆಲ್ಲ ಭರ್ತಿ. ಯಾರದೋ ಮಗಳ ಮೊದಲ ಹುಟ್ಟುಹಬ್ಬ, ಯಾರದೋ ತಂದೆಯ ವರ್ಷಾಬ್ದಿಕ, ಇನ್ಯಾರದೋ ಮದುವೆಯ ಬೆಳ್ಳಿಹಬ್ಬ. ಮಧ್ಯಾಹ್ನ ಪಲಾವು, ಮೊಸರನ್ನ, ಕೇಕು, ಕೈಗೊಂದು ಪೆನ್ಸಿಲ್ ಬಾಕ್ಸು. ಕೊಡುವವರು ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ, ಮಕ್ಕಳು ಹೊಟ್ಟೆತುಂಬ ಉಣ್ಣುತ್ತಾರೆ. ಆದರೆ ಆ ಕ್ಯಾಲೆಂಡರಿನ ಒಂದು ದಿನಕ್ಕೆ ಮಾತ್ರ ಯಾರೂ ಹೆಸರು ಬರೆಸಿರುವುದಿಲ್ಲ. ಅಲ್ಲಿರುವ ಹುಡುಗನಿಗೋ ಹುಡುಗಿಗೋ ಹದಿನೆಂಟು ತುಂಬುವ ದಿನ ಅದು. ಆ ದಿನದ ನಂತರ ಅವರು ಅಲ್ಲಿ ಇರುವಂತಿಲ್ಲ. ಒಂದು ಟ್ರಂಕು, ಒಂದು ಬ್ಯಾಗು, ಅಂಕಪಟ್ಟಿಯ ಜೆರಾಕ್ಸು ಹಿಡಿದು ಗೇಟು ದಾಟಬೇಕು. ನಮ್ಮಲ್ಲಿ ಇಷ್ಟೊಂದು ಕೊಡುಗೈ ದಾನಿಗಳಿದ್ದೂ ಈ ಒಂದು ದಿನಕ್ಕೆ ಯಾರೂ ಯಾಕೆ ಇಲ್ಲ ಎನ್ನುವುದು ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿದೆ.

ಹುಟ್ಟುಹಬ್ಬದ ಊಟಕ್ಕೆ ಹೋಗುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ದಯವಿಟ್ಟು ಮಕ್ಕಳ ಜೊತೆ ನಿಂತು ತೆಗೆಸಿಕೊಂಡ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕಬೇಡಿ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74 ಇಂಥ ಮಕ್ಕಳ ಹೆಸರು, ಮುಖ, ಶಾಲೆ, ವಿಳಾಸ ಬಯಲಾಗದಂತೆ ಕಾಯುವುದಕ್ಕೆಂದೇ ಇದೆ. ಮೀರಿದವರಿಗೆ ಆರು ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಮಗು ಮುಂದೆ ಕಾಲೇಜು ಸೇರಿದಾಗ ಸಹಪಾಠಿಯೊಬ್ಬ ಹಳೆಯ ಫೋಟೊ ಹುಡುಕಿ ತೆಗೆದರೆ ಎಷ್ಟು ನೋವಾಗುತ್ತದೆಂದು ಯೋಚಿಸಿದರೆ ಕಾನೂನನ್ನು ನೆನಪಿಸುವ ಅಗತ್ಯವೂ ಬೀಳಲಾರದು.

ಒಂದು ದೃಶ್ಯ ಮರೆಯಲಾಗುವುದಿಲ್ಲ. ಬೆಂಗಳೂರಿನ ಒಂದು ಪಿಜಿ. ಬಾಗಿಲ ಬಳಿ ಮೇಜು, ಅದರ ಮೇಲೆ ಉದ್ದನೆಯ ರಿಜಿಸ್ಟರು. ಬಾಲಮಂದಿರದಿಂದ ಆಗಷ್ಟೇ ಹೊರಬಂದ ಹುಡುಗ ಹೆಸರು ಬರೆದ, ಕೆಲಸ ಬರೆದ, ಆಧಾರ್ ನಂಬರು ಬರೆದ. ಮುಂದಿನ ಕಾಲಂ ಬಂದಾಗ ಪೆನ್ನು ನಿಂತಿತು. ಮಾಲೀಕರು, "ಅಪ್ಪನ ನಂಬರ್ ಹಾಕಪ್ಪಾ" ಅಂದರು. "ಇಲ್ಲ ಅಣ್ಣ" ಅಂದ. "ಹಂಗಾದ್ರೆ ಅಮ್ಮಂದು ಹಾಕು." ಅವನು ಮಾತಾಡಲಿಲ್ಲ. "ಊರಲ್ಲಿ ಯಾರಾದ್ರೂ ಇರ್ತಾರಲ್ಲಪ್ಪಾ, ಚಿಕ್ಕಪ್ಪ, ಮಾವ... ರಾತ್ರಿ ನಿಂಗೇನಾದ್ರೂ ಆದ್ರೆ ನಾನು ಯಾರಿಗೆ ಫೋನ್ ಮಾಡ್ಲಿ?" ಮಾಲೀಕರ ದನಿಯಲ್ಲಿ ಗದರಿಕೆ ಇರಲಿಲ್ಲ, ಪೊಲೀಸರು ಬಂದು ರಿಜಿಸ್ಟರು ನೋಡುವ ಕಾಲದಲ್ಲಿ ಅವರು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಹುಡುಗನ ಜೇಬಿನಲ್ಲಿ ಅಡ್ವಾನ್ಸಿನ ದುಡ್ಡಿತ್ತು. ಫೋನ್ ಮಾಡಿದರೆ ಎತ್ತುವ ಒಬ್ಬ ಹಿರಿಯರ ನಂಬರು ಮಾತ್ರ ಇರಲಿಲ್ಲ. ಬಾಲಮಂದಿರದ ಮಕ್ಕಳ ವಿಷಯ ಬೇರೆ, ಫುಟ್‌ಪಾತಿನಲ್ಲಿ ಮಲಗುವವರ ವಿಷಯ ಬೇರೆ ಎಂದು ನಾವು ಎರಡು ಕಪಾಟಿನಲ್ಲಿಟ್ಟು ಮಾತಾಡುತ್ತೇವೆ. ಆ ರಿಜಿಸ್ಟರಿನ ಖಾಲಿ ಕಾಲಂನಲ್ಲಿ ಎರಡೂ ಒಂದಾಗಿಬಿಡುತ್ತವೆ.

ಕಾನೂನಿನಲ್ಲಿ ಇರುವುದು, ಕೈಗೆ ಬರುವುದು

ಕಾನೂನು ಈ ಮಕ್ಕಳನ್ನು ಮರೆತಿಲ್ಲ. ಸಂಸ್ಥೆಯಿಂದ ಹೊರಬರುವವರಿಗೆ ಹಣಕಾಸಿನ ನೆರವು ಕೊಡಬಹುದು ಎಂದು ಅದೇ ಕಾಯ್ದೆಯ ಸೆಕ್ಷನ್ 46 ಹೇಳುತ್ತದೆ. 21 ವರ್ಷದವರೆಗೆ ಅನುಪಾಲನೆ (ಹೊರಬಂದ ಮೇಲಿನ ಆರೈಕೆ), ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ, ಅಂದರೆ 23ರವರೆಗೆ ಎಂದು 2016ರ ಮಾದರಿ ನಿಯಮಗಳಲ್ಲಿದೆ. ಮಕ್ಕಳ ರಕ್ಷಣೆಗೆಂದಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ. ಇದಕ್ಕೆಲ್ಲ ಬುನಾದಿ ಒಂದು ಯೋಜನಾಪತ್ರ. ಮಗು ಹೊರಡುವ ಎರಡು ತಿಂಗಳು ಮೊದಲೇ ಪರಿವೀಕ್ಷಣಾಧಿಕಾರಿಯೋ ಸಮಾಜ ಕಾರ್ಯಕರ್ತರೋ ಅದನ್ನು ಬರೆದು ಮಕ್ಕಳ ಕಲ್ಯಾಣ ಸಮಿತಿಯ ಮುಂದಿಡಬೇಕು. ಎಲ್ಲಿ ಉಳಿಯುತ್ತಾನೆ, ಏನು ಓದುತ್ತಾನೆ ಅಥವಾ ಯಾವ ಕೆಲಸ, ಯಾರು ನೋಡಿಕೊಳ್ಳುತ್ತಾರೆ, ಎಷ್ಟು ದುಡ್ಡು ಬೇಕು ಎಲ್ಲವೂ ಅದರಲ್ಲಿರಬೇಕು.

ಎಡವುವುದು ಇಲ್ಲೇ. ಪಿಯುಸಿ ಪರೀಕ್ಷೆ, ವರ್ಗಾವಣೆ, ಖಾಲಿ ಹುದ್ದೆ, ಒಬ್ಬರ ತಲೆಯ ಮೇಲೆ ನಾಲ್ಕು ಸಂಸ್ಥೆಗಳ ಹೊರೆ, ಇವುಗಳ ನಡುವೆ ಎರಡು ತಿಂಗಳು ಹೇಗೆ ಕಳೆಯುತ್ತವೋ ಗೊತ್ತಾಗುವುದಿಲ್ಲ. ಯೋಜನೆ ಕೊನೆಯ ವಾರ ಬರೆಯಲಾಗುತ್ತದೆ, ಅದರಲ್ಲಿ "ಸಂಬಂಧಿಕರ ಮನೆಗೆ" ಎಂಬ ಒಂದೇ ಸಾಲು ಇರುತ್ತದೆ. ಹತ್ತು ವರ್ಷದಲ್ಲಿ ಒಮ್ಮೆಯೂ ನೋಡಲು ಬಾರದ ಆ ಸಂಬಂಧಿಕರು ಮೂರು ತಿಂಗಳಾದ ಮೇಲೆ ಅವನನ್ನು ಇಟ್ಟುಕೊಳ್ಳುತ್ತಾರೆಯೇ ಎಂದು ಯಾರೂ ಕೇಳಿರುವುದಿಲ್ಲ. ಇನ್ನು ಆ 4,000 ಮಂಜೂರಾಗಬೇಕಾದರೆ ಜಿಲ್ಲೆಯ ಅನುಮೋದನಾ ಸಮಿತಿ ಕೂರಬೇಕು, ಬ್ಯಾಂಕ್ ಖಾತೆ ಆಧಾರಿಗೆ ಜೋಡಣೆಯಾಗಿರಬೇಕು. ಬಂದರೂ ತಿಂಗಳು ತಿಂಗಳು ಬರುತ್ತದೆಂಬ ಭರವಸೆಯಿಲ್ಲ, ಕೆಲವು ತಿಂಗಳದ್ದು ಒಟ್ಟಿಗೆ ಬೀಳುವುದೂ ಉಂಟು. ಪಿಜಿ ಬಾಡಿಗೆ ಮಾತ್ರ 5ನೇ ತಾರೀಖಿಗೇ ಕೊಡಬೇಕು.

ಸಮುದಾಯ ಕೈಹಾಕಬೇಕಾದ ಮೊದಲ ಜಾಗ ಈ ಯೋಜನಾಪತ್ರ ಎಂದು ನಾನು ನಂಬುತ್ತೇನೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ನಿಮ್ಮ ಗುರುತಿನ ದಾಖಲೆ, ಪೊಲೀಸ್ ಪರಿಶೀಲನೆ ಎಲ್ಲ ಕೊಟ್ಟು, "ಮುಂದಿನ ವರ್ಷ ಹದಿನೆಂಟು ತುಂಬುವ ಒಬ್ಬರ ಜೊತೆ ನಾವು ಐದು ಜನ ನಿಲ್ಲುತ್ತೇವೆ" ಎಂದು ಲಿಖಿತವಾಗಿ ಹೇಳಿ. ಹದಿನೇಳಕ್ಕೇ ಶುರುವಾಗಬೇಕು. ಸಾಧ್ಯವಿದ್ದವರು ಇನ್ನೂ ಮೊದಲೇ ಮನೆಯ ಬಾಗಿಲನ್ನೇ ತೆರೆಯಬಹುದು. ಪೋಷಕತ್ವದ (ಫಾಸ್ಟರ್ ಕೇರ್) 2024ರ ಮಾದರಿ ಮಾರ್ಗಸೂಚಿಯ ಪ್ರಕಾರ ಮದುವೆಯಾಗದವರು, ವಿಧವೆಯರು, ವಿಚ್ಛೇದಿತರು ಕೂಡ ಆರು ವರ್ಷ ದಾಟಿದ ಮಗುವನ್ನು ಮನೆಯಲ್ಲಿಟ್ಟು ಸಾಕಬಹುದು. ಎರಡು ವರ್ಷ ಸಾಕಿದ ಮೇಲೆ ದತ್ತು ಪಡೆಯುವ ದಾರಿಯೂ ಇದೆ, ಮೊದಲು ಅದಕ್ಕೆ ಐದು ವರ್ಷ ಕಾಯಬೇಕಿತ್ತು. ದೊಡ್ಡ ಮಕ್ಕಳನ್ನು ಕೇಳಿಕೊಂಡು ಬರುವವರು ಕಡಿಮೆ. ಹದಿಮೂರು, ಹದಿನಾಲ್ಕರ ಮಗುವಿಗೆ ಒಂದು ಮನೆಯ ಅಡುಗೆಮನೆ, ಆ ಮನೆಯ ಜಗಳ, ಆ ಮನೆಯ ಲೆಕ್ಕಾಚಾರ ನಾಲ್ಕು ವರ್ಷ ಸಿಕ್ಕರೂ ಆಮೇಲಿನ ಬದುಕೇ ಬೇರೆಯಾಗುತ್ತದೆ.

ಮೊದಲು ಸಿಮ್, ಆಮೇಲೆ ಉಳಿದದ್ದು

ಕಾಗದಪತ್ರದ ಕೆಲಸ ನೀರಸ ಅನ್ನಿಸಬಹುದು. ಆದರೆ ಅರ್ಧ ಮಕ್ಕಳು ಮುಗ್ಗರಿಸುವುದೇ ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹದಿನೇಳು ತುಂಬುವ ಮೊದಲು ಆಧಾರ್ ಬಯೊಮೆಟ್ರಿಕ್ ನವೀಕರಣ ಮಾಡಿಸಿ. ಹದಿನೈದಾದ ಮೇಲೆ ಇದು ಕಡ್ಡಾಯ, ಹದಿನೈದರಿಂದ ಹದಿನೇಳರ ನಡುವೆ ಉಚಿತ. ಇದಾಗದಿದ್ದರೆ ಐದನೇ ವರ್ಷದಲ್ಲಿ ಕೊಟ್ಟ ಬೆರಳಚ್ಚೇ ಇರುತ್ತದೆ, ಯಾವ ಯಂತ್ರಕ್ಕೂ ಹೊಂದುವುದಿಲ್ಲ. ಅದೇ ಹೊತ್ತಿಗೆ ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ನಾಲ್ಕು ಕಡೆ ಪಕ್ಕಪಕ್ಕ ಇಟ್ಟು ನೋಡಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಟಿಸಿ, ಕಲ್ಯಾಣ ಸಮಿತಿಯ ಆದೇಶ. ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ ಆರು ವರ್ಷದ ಮಗು ತನ್ನ ಹೆಸರು ರಾಜು ಎಂದಿರುತ್ತದೆ, ಶಾಲೆಯಲ್ಲಿ ರಾಜೇಶ ಆಗಿರುತ್ತದೆ, ಆಧಾರಿನಲ್ಲಿ ರಾಜು ಆರ್. ಮುಂದೆ ಪಿಎಫ್ ದುಡ್ಡು ತೆಗೆಯುವಾಗ ಈ ಒಂದಕ್ಷರವೇ ಅಡ್ಡ ಬರುತ್ತದೆ. ಆಧಾರಿನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಿಸಬಹುದು. ಅದಕ್ಕೆ ಅಂಕಪಟ್ಟಿಯಲ್ಲಿ ಏನಿದೆಯೋ ಅದನ್ನೇ ಹಿಡಿದು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅವಸರದಲ್ಲಿ ಮಾಡಿದ ಒಂದು ತಪ್ಪು ತಿದ್ದುಪಡಿಯನ್ನು ಮತ್ತೆ ಸರಿಪಡಿಸಲು ವರ್ಷ ಹಿಡಿಯಬಹುದು.

ವಿಳಾಸಕ್ಕೆ, ಮಗು ಸಂಸ್ಥೆಯಲ್ಲಿ ಇರುವಾಗಲೇ ಸೂಪರಿಂಟೆಂಡೆಂಟರಿಂದ ಆಧಾರ್ ಪ್ರಾಧಿಕಾರದ (ಯುಐಡಿಎಐ) ನಮೂನೆಯಲ್ಲಿ ಪ್ರಮಾಣಪತ್ರ ಬರೆಸಿಕೊಳ್ಳಬಹುದು. ಬರೆದ ದಿನದಿಂದ ಮೂರು ತಿಂಗಳಷ್ಟೇ ಅದಕ್ಕೆ ಆಯಸ್ಸು. ಭಾವಚಿತ್ರದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬರುವಂತೆ ಸಹಿ ಮತ್ತು ಮೊಹರು ಇರಬೇಕು. ಇದನ್ನು ಮರೆತು ಆಧಾರ್ ಕೇಂದ್ರದಿಂದ ವಾಪಸ್ ಬರುವವರು ಬಹಳ.

ಇನ್ನು ಹದಿನೆಂಟು ತುಂಬಿದ ವಾರ. ಎಲ್ಲಕ್ಕಿಂತ ಮೊದಲು ಅವನ ಹೆಸರಿನಲ್ಲೇ ಒಂದು ಸಿಮ್. ಅಪ್ರಾಪ್ತರಿಗೆ ಸಿಮ್ ಕೊಡುವಂತಿಲ್ಲವಾದ್ದರಿಂದ ಅಲ್ಲಿಯವರೆಗೆ ಆಧಾರಿಗೂ ಬ್ಯಾಂಕಿಗೂ ಸಂಸ್ಥೆಯ ಯಾರದೋ ನಂಬರು ಕೊಟ್ಟಿರುತ್ತಾರೆ. ಅವರು ವರ್ಗವಾಗಿ ಹೋದರೆ ಒಟಿಪಿ ಬೀದರಿಗೋ ಕಾರವಾರಕ್ಕೋ ಹೋಗುತ್ತದೆ, ಹುಡುಗ ಇಲ್ಲಿ ಕೌಂಟರಿನ ಮುಂದೆ ನಿಂತಿರುತ್ತಾನೆ. ಸಿಮ್ ಬಂದ ಮೇಲೆ ಆಧಾರಿಗೆ ಆ ನಂಬರು ಸೇರಿಸಬೇಕು. ಇದಕ್ಕೆ ದಾಖಲೆ ಬೇಡ, ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಸಾಕು. ಮೂರನೆಯದು ಬ್ಯಾಂಕು. ಮೈನರ್ ಖಾತೆಯನ್ನು ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ಬದಲಿಸಬೇಕು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗಿರುತ್ತದೆ, ಅದನ್ನು ಎಬ್ಬಿಸುವ ಅರ್ಜಿ ಬೇರೆ. ಅಲ್ಲೇ ಆಧಾರ್ ಸೀಡಿಂಗ್, ಅಂದರೆ ಖಾತೆಗೆ ಆಧಾರ್ ಜೋಡಣೆ, ಆಗಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಸರ್ಕಾರದ ದುಡ್ಡು ಕೊನೆಯದಾಗಿ ಯಾವ ಖಾತೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಕೆಲಸ ಕೊಟ್ಟವರು ತಮ್ಮ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಸಿದ ಮೇಲೆ ವಿದ್ಯಾರ್ಥಿವೇತನ "ಬರಲೇ ಇಲ್ಲ" ಎಂದು ಕೂರುವುದು ಇದರಿಂದಲೇ. ಆಮೇಲೆ ಪ್ಯಾನ್, ಮತದಾರರ ಚೀಟಿ. ಪ್ಯಾನಿಗೆ ತಾಯಿಯ ಹೆಸರೊಂದೇ ಕೊಟ್ಟರೂ ನಡೆಯುತ್ತದೆ. ಹುಡುಗಿಯರ ಆಧಾರಿನಲ್ಲಿ ಕರ್ನಾಟಕದ ವಿಳಾಸವಿದ್ದರೆ ಶಕ್ತಿ ಯೋಜನೆಯ ಬಸ್ಸು ಉಚಿತ, ಕೆಲಸ ಹುಡುಕಲು ಓಡಾಡುವ ತಿಂಗಳುಗಳಲ್ಲಿ ಅದು ಸಣ್ಣ ಸಹಾಯವಲ್ಲ.

ಮೂಲ ದಾಖಲೆಗಳನ್ನು ಪಿಜಿಯ ಹಾಸಿಗೆಯಡಿ ಇಡಬಾರದು. ಡಿಜಿಲಾಕರಿಗೆ ಹಾಕಿ, ಮೂಲವನ್ನು ಐದು ಜನರಲ್ಲಿ ಒಬ್ಬರ ಮನೆಯ ಬೀರುವಿನಲ್ಲಿಡಿ. ಯಾವಾಗ ಕೇಳಿದರೂ ಯಾಕೆಂದು ಪ್ರಶ್ನಿಸದೆ ಕೊಡುವ ಮಾತು ಮೊದಲೇ ಆಗಿರಲಿ. ದಾಖಲೆ ಇಟ್ಟುಕೊಂಡವರು ಯಜಮಾನರಾಗಿಬಿಟ್ಟರೆ ಕೆಲಸ ಕೆಟ್ಟಿತು.

ಕೆಲಸ ಸಿಕ್ಕ ಮೇಲಿನ ಮೂವತ್ತೈದು ದಿನ

ಕೆಲಸ ಸಿಕ್ಕಿತೆಂದರೆ ದಡ ಸೇರಿದ ಎಂದು ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಅವನು ಹಾಸಿಗೆ ಕಳೆದುಕೊಳ್ಳುವ ಸಾಧ್ಯತೆ ಆಗಲೇ ಹೆಚ್ಚು. ಲೆಕ್ಕ ಹಾಕೋಣ. 5ನೇ ತಾರೀಖು ಕೆಲಸಕ್ಕೆ ಸೇರಿದ, ಸಂಬಳ ಮುಂದಿನ ತಿಂಗಳ 10ಕ್ಕೆ. ಪಿಜಿ ಬಾಡಿಗೆ 6,500, ಅಡ್ವಾನ್ಸು 5,000 ಎಂದಿಟ್ಟುಕೊಳ್ಳಿ. ಮಧ್ಯಾಹ್ನದ ಊಟ, ಬಸ್ಸು ದಿನಕ್ಕೆ 100ರಂತೆ ಮೂವತ್ತೈದು ದಿನಕ್ಕೆ 3,500. ಶೂ, ಪ್ಯಾಂಟು, ಬೆಡ್‌ಶೀಟು, ಬಕೆಟ್ಟು 2,000. ಅಲ್ಲಿಗೆ 17,000. ಸಂಬಳಕ್ಕೆ ಐದು ದಿನ ಮೊದಲೇ ಎರಡನೇ ತಿಂಗಳ ಬಾಡಿಗೆ ಬಂದು ಬಾಗಿಲು ತಟ್ಟುತ್ತದೆ, ಮತ್ತೆ 6,500. ಒಟ್ಟು 23,500. ನಮ್ಮ ನಿಮ್ಮ ಮನೆಯ ಮಕ್ಕಳಿಗೆ ಇದನ್ನು ಅಪ್ಪ ಕೊಡುತ್ತಾನೆ, ಕೊಟ್ಟದ್ದು ಯಾರಿಗೂ ನೆನಪೂ ಇರುವುದಿಲ್ಲ. ಇವನು ಸಾಲದ ಆ್ಯಪ್ ತೆರೆಯುತ್ತಾನೆ. ಅಥವಾ "ಮೂರು ದಿನ ಸ್ನೇಹಿತನ ರೂಮಲ್ಲಿರ್ತೀನಿ" ಎಂದು ಹೊರಡುತ್ತಾನೆ. ಆ ಮೂರು ದಿನದ ನಂತರ ಮೆಜೆಸ್ಟಿಕ್ಕಿನ ಪ್ಲಾಟ್‌ಫಾರಂ. ಅಲ್ಲಿ ನಿದ್ದೆಯಿಲ್ಲ, ಸ್ನಾನವಿಲ್ಲ, ಒಗೆದ ಬಟ್ಟೆಯಿಲ್ಲ, ನಾಲ್ಕನೇ ದಿನ ಕೆಲಸಕ್ಕೆ ತಡ, ವಾರದಲ್ಲಿ ಕೆಲಸವೂ ಹೋಯಿತು.

ಐದು ಜನ ತಲಾ 5,000 ಹಾಕಿದರೆ ಈ ಗುಂಡಿ ಮುಚ್ಚುತ್ತದೆ. ಆದರೆ ಹೇಗೆ ಕೊಡುತ್ತೀರಿ ಎನ್ನುವುದೂ ಮುಖ್ಯ. ಅಡ್ವಾನ್ಸನ್ನು ಹುಡುಗನ ಕೈಗೆ ಕೊಡದೆ ಮಾಲೀಕರ ಖಾತೆಗೇ ಹಾಕಿ, ರಸೀದಿಯಲ್ಲಿ ಕೊಟ್ಟವರ ಹೆಸರು ಬರೆಸಿ, ಬಿಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆಂದು ಅದರಲ್ಲೇ ನಮೂದಿಸಿ. ಜಗಳವಾಗಿ ರಾತ್ರೋರಾತ್ರಿ ಬಿಟ್ಟುಬಂದರೂ ಆ ಹಣ ವಾಪಸ್ ಬಂದು ಮುಂದಿನವರಿಗೆ ಆಗುತ್ತದೆ. ಮೊದಲ ತಿಂಗಳ ಬಾಡಿಗೆಯನ್ನು ಸಾಲವೆಂದು ಕರೆಯಬೇಡಿ, ಸುಮ್ಮನೆ ಕೊಟ್ಟುಬಿಡಿ. ಸಾಲವೆಂದರೆ ಎರಡನೇ ತಿಂಗಳು ಕೈಬಿಗಿಯಾದಾಗ ಮುಖ ತಪ್ಪಿಸಲು ಶುರುಮಾಡುತ್ತಾನೆ, ಫೋನ್ ಎತ್ತುವುದಿಲ್ಲ. ಫೋನ್ ಎತ್ತದ ದಿನ ನೀವು ಕಳೆದುಕೊಂಡದ್ದು 6,500 ರೂಪಾಯಿಗಿಂತ ದೊಡ್ಡದು.

ರಿಜಿಸ್ಟರಿನಲ್ಲಿ ಬರೆಸುವ ನಂಬರು ಐದು ಜನರಲ್ಲಿ ಒಬ್ಬರದೇ ಆಗಿರಲಿ, ವರ್ಷವಿಡೀ ಅದೇ ಇರಲಿ. ಸ್ವಯಂಸೇವಕರ ಉತ್ಸಾಹ ಮೂರು ತಿಂಗಳಿಗೆ ಇಳಿಯುತ್ತದೆ, ಇದು ಮನುಷ್ಯ ಸಹಜ. ಅದಕ್ಕೇ ಐದು ಜನ ಬೇಕೆಂದದ್ದು. ನಂಬರು ಒಬ್ಬರದು, ಬ್ಯಾಂಕು ಆಧಾರ್ ಓಡಾಟ ಒಬ್ಬರದು, ಕೆಲಸದ ವಿಚಾರ ಒಬ್ಬರದು, ಆಸ್ಪತ್ರೆ ಒಬ್ಬರದು, ಭಾನುವಾರದ ಊಟ ಒಬ್ಬರ ಮನೆಯಲ್ಲಿ. ಆ ಭಾನುವಾರದ ಮನೆಯಲ್ಲೇ ಅಡುಗೆಯೂ ಕಲಿಯಲಿ. ನೂರು ಜನಕ್ಕೆ ಬೇಯುವ ಹಂಡೆ ನೋಡಿ ಬೆಳೆದವರಿಗೆ ಒಬ್ಬರಿಗೆ ಅರ್ಧ ಪಾವು ಅಕ್ಕಿ ಸಾಕೆಂಬ ಅಂದಾಜು ಇರುವುದಿಲ್ಲ, ಗ್ಯಾಸು ಹಚ್ಚಿದ ಅಭ್ಯಾಸವೂ ಇರುವುದಿಲ್ಲ. ಮುಂದೆ ಇಬ್ಬರು ಮೂವರು ಸೇರಿ ರೂಮು ಮಾಡಿದಾಗ 5 ಕೆ.ಜಿ.ಯ ಚಿಕ್ಕ ಸಿಲಿಂಡರು ತರಬಹುದು, ಅದಕ್ಕೆ ಗುರುತಿನ ಚೀಟಿ ಸಾಕು, ವಿಳಾಸದ ದಾಖಲೆ ಕೇಳುವುದಿಲ್ಲ.

ಮಾರ್ಕೆಟ್ಟಿನ ಮೆಟ್ಟಿಲ ಮೇಲೆ

ಈ ಬಲೆಯಿಂದ ಜಾರಿದವರನ್ನು ಕೆ.ಆರ್. ಮಾರ್ಕೆಟ್, ಕಲಾಸಿಪಾಳ್ಯದ ಸುತ್ತ ರಾತ್ರಿ ಹತ್ತರ ನಂತರ ಕಾಣಬಹುದು. ಅಂಗಡಿಯ ಷಟರ್ ಇಳಿದ ಮೇಲೆ ಮೆಟ್ಟಿಲು ಖಾಲಿಯಾಗುತ್ತದೆ. ಅಲ್ಲಿ ಮಲಗಿದ್ದ ಒಬ್ಬ ಯುವಕ, ಇಪ್ಪತ್ತೆರಡೋ ಇಪ್ಪತ್ತಮೂರೋ, ಅಂಗಿಯೊಳಗೆ ಎದೆಗೆ ಒತ್ತಿ ಒಂದು ಪ್ಲಾಸ್ಟಿಕ್ ಕವರು ಇಟ್ಟುಕೊಂಡಿದ್ದ. ಅದರಲ್ಲಿದ್ದದ್ದು ಐಟಿಐ ಫಿಟ್ಟರ್ ಸರ್ಟಿಫಿಕೇಟು, ಮಡಿಕೆಯಲ್ಲಿ ಹರಿದು ಟೇಪು ಹಚ್ಚಿದ್ದು. ಆಶ್ರಯ ಕೇಂದ್ರ ಹತ್ತಿರದಲ್ಲೇ ಇದೆಯಲ್ಲ, ಅಲ್ಲಿಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರೆ, "ಮೂರು ಗಂಟೆಗೆ ಲಾರಿ ಬರ್ತವೆ ಅಕ್ಕಾ. ಅಲ್ಲಿ ಬಾಗಿಲು ತೆಗೆಯೋದು ಬೆಳಗಾದ್ಮೇಲೆ. ಲೋಡಿಂಗ್ ತಪ್ಪಿದ್ರೆ ಇವತ್ತಿನ ಕೂಲಿ ಹೋಯ್ತು" ಅಂದ. ಇನ್ನೊಂದು ಮಾತನ್ನೂ ಸೇರಿಸಿದ: "ಅಲ್ಲಿ ಬ್ಯಾಗ್ ಇಡಕ್ಕೆ ಜಾಗ ಇಲ್ಲ."

ಆಶ್ರಯ ಕೇಂದ್ರಗಳ ಸಮಸ್ಯೆಯೆಲ್ಲ ಈ ಎರಡು ಮಾತಿನಲ್ಲಿದೆ. 2010ರಿಂದ ಸುಪ್ರೀಂ ಕೋರ್ಟು ಈ ವಿಚಾರದಲ್ಲಿ ಆದೇಶ ಕೊಡುತ್ತಲೇ ಬಂದಿದೆ. 2013ರಲ್ಲಿ ಶುರುವಾಗಿ 2024ರವರೆಗೆ ನಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾನದಂಡದಂತೆ ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವಷ್ಟು ಆಶ್ರಯ ಬೇಕಿತ್ತು, ತಲೆಗೆ 50 ಚದರಡಿ ಜಾಗ, ವರ್ಷವಿಡೀ ಹಗಲೂ ರಾತ್ರಿಯೂ ತೆರೆದಿರಬೇಕಿತ್ತು. 2011ರ ಜನಗಣತಿಯಲ್ಲೇ ಬೆಂಗಳೂರು 84 ಲಕ್ಷ ದಾಟಿತ್ತು. ಆ ಲೆಕ್ಕಕ್ಕೆ ನೂರು ಹಾಸಿಗೆಯ 84 ಕೇಂದ್ರಗಳಾದರೂ ಬೇಕಿತ್ತು, ಇರುವುದು ಅದಕ್ಕಿಂತ ಬಹಳ ಕಡಿಮೆ. ಆದರೆ ಸಂಖ್ಯೆಗಿಂತಲೂ ನನ್ನನ್ನು ಕಾಡುವುದು ಬೀಗ ಹಾಕುವ ಒಂದು ಕಬ್ಬಿಣದ ಪೆಟ್ಟಿಗೆಯ ಕೊರತೆ. ಬಡಾವಣೆಯ ಸಂಘವೊಂದು ಹತ್ತಿರದ ಕೇಂದ್ರಕ್ಕೆ ಏನಾದರೂ ಕೊಡುವುದಿದ್ದರೆ, ಮೂವತ್ತು ಲಾಕರ್, ಫೋನ್ ಚಾರ್ಜಿಂಗಿಗೆ ಹತ್ತು ಪ್ಲಗ್ ಪಾಯಿಂಟು, ಬೆಳಗಿನ ಜಾವ ಹೊರಡುವವರಿಗೆ ಬಾಗಿಲು ತೆರೆಯುವ ಒಬ್ಬ ಕಾವಲುಗಾರನ ಸಂಬಳ ಕೊಡಲಿ. ಹಾಸಿಗೆ ತುಂಬುತ್ತವೆ.

ಡಿಸೆಂಬರಿನಲ್ಲಿ ಕಂಬಳಿ ಹಂಚುವವರಿಗೂ ಒಂದು ಬಿನ್ನಹ. ಬೆಂಗಳೂರಿನಲ್ಲಿ ಬೀದಿಯಲ್ಲಿ ಮಲಗುವವರಿಗೆ ಚಳಿಗಿಂತ ಮಳೆ ಕಷ್ಟ, ಅದು ಜೂನಿನಿಂದ ಅಕ್ಟೋಬರದವರೆಗೆ. ನೆನೆದ ಕಂಬಳಿ ಒಣಗುವುದಿಲ್ಲ, ಹಗಲು ಹೊತ್ತು ತಿರುಗಲು ಆಗುವುದಿಲ್ಲ, ಮೂಲೆಯಲ್ಲಿಟ್ಟರೆ ಬೆಳಗಿನ ಕಸದ ಗಾಡಿಗೆ ಹೋಗುತ್ತದೆ. ಮೇ ತಿಂಗಳಲ್ಲೇ ಆರಡಿ ಉದ್ದದ ಟಾರ್ಪಾಲು, ಜಿಪ್ ಇರುವ ನೀರು ಹೋಗದ ಚೀಲ ಕೊಡಿ. ಕಾಗದ, ಫೋನು, ಮಾತ್ರೆ ಅದರಲ್ಲಿ ಉಳಿಯುತ್ತವೆ. ಊಟಕ್ಕೆ ಇಂದಿರಾ ಕ್ಯಾಂಟೀನ್ ಇದೆ, ತಿಂಡಿ 5 ರೂಪಾಯಿ, ಊಟ 10, ಮೂರು ಹೊತ್ತಿಗೆ 25. ರಾತ್ರಿ ಹನ್ನೊಂದಕ್ಕೆ ಕಾರಿನಲ್ಲಿ ಬಂದು ಮಲಗಿದವರನ್ನು ಎಬ್ಬಿಸಿ ಬಿರಿಯಾನಿ ಪೊಟ್ಟಣ ಕೊಡುವ ಅಗತ್ಯ ಅಷ್ಟಿಲ್ಲ.

ಕಾರು ಅಂದದ್ದಕ್ಕೂ ಕಾರಣವಿದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರಡಿ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯುವ ವ್ಯಾನಿನ ಭಯ ಬೀದಿಯಲ್ಲಿ ಇನ್ನೂ ಇದೆ. ಮಾಗಡಿ ರಸ್ತೆಯ ಆ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಸಾಲುಸಾಲಾಗಿ ಆದ ಸಾವುಗಳನ್ನು ಹಳಬರು ಮರೆತಿಲ್ಲ. ಹಾಗಾಗಿ ರಾತ್ರಿ ವಾಹನ ನಿಂತರೆ ಸಾಕು, ಅರ್ಧ ಜನ ಎದ್ದು ಓಡುತ್ತಾರೆ. ನಡೆದುಕೊಂಡು ಹೋಗಿ, ವಾರದ ಅದೇ ದಿನ, ಅದೇ ಇಬ್ಬರು. 1980ರಿಂದ ಬೀದಿ ಮಕ್ಕಳ ನಡುವೆ ಇರುವ ಬಾಸ್ಕೊ, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟದಂಥವರು ಬೇರೂರಿದ್ದು ಹೀಗೆ ಬೀದಿಗಿಳಿದು ನಡೆದೇ. ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದೊಡ್ಡವರಾದರೆ ಮೊದಲ ತಿಂಗಳು ಏನೂ ಕೇಳಬೇಡಿ, ಹೆಸರನ್ನೂ. ಅವರೇ ಕಾಗದದ ಕವರು ಹೊರತೆಗೆಯುವ ದಿನ ಬರುತ್ತದೆ. ಆಗ ನಮೂನೆ 6 ತುಂಬಿಸಿ ಮತದಾರರ ಪಟ್ಟಿಗೆ ಸೇರಿಸಬಹುದು. ಮನೆಯಿಲ್ಲದವರಿಗೆ ವಿಳಾಸದ ದಾಖಲೆ ಬೇಡ, ಮತಗಟ್ಟೆ ಅಧಿಕಾರಿ ರಾತ್ರಿ ಬಂದು ಅವರು ಅಲ್ಲೇ ಮಲಗುತ್ತಾರೆಂದು ಕಣ್ಣಾರೆ ಕಂಡರೆ ಆಯಿತು. ಅಧಿಕಾರಿ ಬರುವ ರಾತ್ರಿ ನೀವೂ ಅಲ್ಲಿರಿ, ಇಲ್ಲದಿದ್ದರೆ "ವ್ಯಕ್ತಿ ಸಿಗಲಿಲ್ಲ" ಎಂದು ಅರ್ಜಿ ವಜಾ ಆಗುತ್ತದೆ.

ಹುಡುಗಿಯರ ವಿಚಾರ

ಹುಡುಗಿಯರನ್ನು ಹದಿನೆಂಟರ ನಂತರ ರಾಜ್ಯ ಮಹಿಳಾ ನಿಲಯಕ್ಕೆ ಕಳಿಸುತ್ತಾರೆ, ಎಷ್ಟೋ ಸಲ ಅಲ್ಲಿಂದ ಮದುವೆ ಮಾಡಿಕೊಡುತ್ತಾರೆ. ಅಧಿಕಾರಿಗಳೇ ಧಾರೆ ಎರೆಯುವ ಆ ಮದುವೆಗಳ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಎಷ್ಟೋ ಜೋಡಿಗಳು ಚೆನ್ನಾಗಿ ಬಾಳುತ್ತಿದ್ದಾರೆ, ನಿಜ. ಆದರೂ ಮದುವೆಯೇ ಪುನರ್ವಸತಿ ಎನ್ನುವುದನ್ನು ಒಪ್ಪಲು ಮನಸ್ಸು ಬರುವುದಿಲ್ಲ. ಗಂಡನ ಮನೆಯಲ್ಲಿ ಮೊದಲ ಜಗಳವಾದಾಗ ಎರಡು ದಿನ ಹೋಗಿ ಇದ್ದು ಬರಲು ಅವಳಿಗೆ ತವರಿಲ್ಲ. ತವರಿಲ್ಲವೆಂದು ಅತ್ತೆಮನೆಯವರಿಗೂ ಗೊತ್ತು, ಆ ಗೊತ್ತಿರುವುದೇ ಅವಳ ಸ್ಥಾನವನ್ನು ಇಳಿಸುತ್ತದೆ.

ಇಲ್ಲಿ ನೆರೆಹೊರೆಯ ಹೆಂಗಸರು ಮಾಡಬಹುದಾದ್ದು ಬಹಳ ಇದೆ, ಖರ್ಚು ಕಡಿಮೆ. ಮದುವೆಗೆ ಮೊದಲೇ ಅವಳ ಹೆಸರಿನ ಖಾತೆ, ಎಟಿಎಂ ಕಾರ್ಡು, ಸಿಮ್ ಅವಳ ಕೈಯಲ್ಲೇ ಇರುವಂತೆ ನೋಡಿಕೊಳ್ಳಿ. ಅಂಕಪಟ್ಟಿಯ ಮೂಲ ಪ್ರತಿ ಗಂಡನ ಮನೆಗೆ ಹೋಗುವುದು ಬೇಡ. ಮೊದಲ ವರ್ಷದ ಗೌರಿ ಹಬ್ಬಕ್ಕೆ ಇಬ್ಬರು ಬಾಗಿನ ತೆಗೆದುಕೊಂಡು ಅವಳ ಮನೆಗೆ ಹೋಗಿ ಬನ್ನಿ, ಮೊರದಲ್ಲಿ ಏನಿದೆ ಎನ್ನುವುದಕ್ಕಿಂತ ಇವಳಿಗೂ ಕಡೆಯವರಿದ್ದಾರೆಂದು ಆ ಬೀದಿಗೆ ಗೊತ್ತಾಗುವುದು ಮುಖ್ಯ. ದೀಪಾವಳಿಗೆ ಇಬ್ಬರನ್ನೂ ಕರೆಸಿ ಎಣ್ಣೆನೀರು ಹಾಕಿ. ಬಸುರಿಯಾದರೆ ತಾಯಿ ಕಾರ್ಡ್ ಮಾಡಿಸಲು ಒಬ್ಬರು ಜೊತೆಗೆ ಹೋಗಿ, ಏಳನೇ ತಿಂಗಳ ಹೊತ್ತಿಗೆ ಹೆರಿಗೆಗೆ ಆಸ್ಪತ್ರೆ ಯಾವುದು, ರಾತ್ರಿ ನೋವು ಬಂದರೆ ಆಟೋ ಯಾರದು, ವಾರ್ಡಿನಲ್ಲಿ ಮೂರು ದಿನ ಜೊತೆಗಿರುವವರು ಯಾರು ಎಂದು ಹೆಸರು ಸಮೇತ ತೀರ್ಮಾನಿಸಿ. ಬಾಣಂತನಕ್ಕೆ ಯಾರ ಮನೆಯಲ್ಲಿ ಒಂದು ಕೋಣೆ ಬಿಡುವಾಗುತ್ತದೆ ಎನ್ನುವುದನ್ನೂ ಆಗಲೇ ಮಾತಾಡಿಕೊಳ್ಳಿ, ಎಂಟನೇ ತಿಂಗಳಿಗೆ ಬಿಟ್ಟರೆ ಎಲ್ಲರ ಮನೆಯಲ್ಲೂ ಪರೀಕ್ಷೆಯೋ ಮದುವೆಯೋ ಇರುತ್ತದೆ.